ಟರ್ಕಿಯ ಸಾರು, ಅಮ್ಮನ ಮೊಸರನ್ನ

ನಾನು ಅಡುಗೆ ಕಲಿತದ್ದು ಅಡುಗೆ ಬಾರದ ಅಪ್ಪನ ಜೊತೆ ನಿಂತು. ಆಗ ನನಗೆ ಹತ್ತು ವರ್ಷ. ಅಪ್ಪ, ಅಮ್ಮ, ನಾನು ಆಕ್ಲೆಂಡಿನ ಮೌಂಟ್ ಆಲ್ಬರ್ಟ್‌ನಲ್ಲಿ, ನ್ಯೂ ನಾರ್ತ್ ರೋಡಿನ ಅಂಗಡಿಗಳ ಹಿಂದಿನಿಂದ ಗುಡ್ಡದ ಕಡೆಗೆ ಏರುವ ಬೀದಿಯೊಂದರಲ್ಲಿ, ಮರದ ಬಾಡಿಗೆ ಮನೆಯಲ್ಲಿದ್ದೆವು. ಮುಂದೆ ಲೌಂಜ್, ನಡುವೆ ಎರಡು ಮಲಗುವ ಕೋಣೆ, ಹಿಂದೆ ಅಡುಗೆಮನೆ. ಅಡುಗೆಮನೆಯ ನೆಲಕ್ಕೆ ಹಾಸಿದ್ದ ಶೀಟು ಒಲೆಯ ಹತ್ತಿರ ಎದ್ದು ಬಂದಿತ್ತು. ಅಮ್ಮ ಅದನ್ನು ಕಾಲಿನ ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಲೇ ಒಗ್ಗರಣೆ ಹಾಕುತ್ತಿದ್ದಳು. ಸಾರಿನ ಪುಡಿ ಎಲ್ಲಿದೆ, ಖಾರದ ಪುಡಿ ಯಾವ ಡಬ್ಬಿಯಲ್ಲಿದೆ ಎಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತು. ಅಪ್ಪ ಪೆನ್‌ರೋಸ್‌ನ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರು. ಒಲೆಯ ಮೇಲೆ ಅವನಿಗೆ ಮಾಡಲು ಬರುತ್ತಿದ್ದುದು ಟೀ ಒಂದೇ.

ಆ ವರ್ಷ ಅಮ್ಮ ಬಸುರಿಯಾಗಿದ್ದಳು. ಕ್ರಿಸ್‌ಮಸ್‌ಗೆ ಎರಡು ದಿನ ಇರುವಾಗ, ಬೆಳಿಗ್ಗೆ ತಿಂಡಿ ತಿನ್ನುತ್ತಾ, ನಿನ್ನೆಯಿಂದ ಪಾಪು ಒದ್ದೇ ಇಲ್ಲ ಎಂದಳು. ಅಪ್ಪ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದ. ನನ್ನನ್ನು ಪಕ್ಕದ ಮನೆಯ ಮಾರ್ಗರೆಟ್ ಆಂಟಿಯ ಹತ್ತಿರ ಬಿಟ್ಟು ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಮಾರ್ಗರೆಟ್ ಆಂಟಿಗೆ ಎಪ್ಪತ್ತು ದಾಟಿತ್ತು, ಒಬ್ಬರೇ ಇದ್ದರು. ಬೇಲಿಯ ಮೇಲಿಂದ ನಮಗೆ ನಿಂಬೆಹಣ್ಣು ಕೊಡುವುದು, ಅಮ್ಮ ಅವರಿಗೆ ಚಕ್ಕುಲಿ ಕೊಡುವುದು, ಅಷ್ಟೇ ಅದುವರೆಗಿನ ಬಳಕೆ. ಮಾರನೆಯ ದಿನ ಬೆಳಿಗ್ಗೆ ಅಪ್ಪ ಬಂದ. ಒಳಗೆ ಬರದೆ ಬಾಗಿಲಲ್ಲೇ ನಿಂತು ಹೇಳಿದ.

"ಪಾಪು ಇಲ್ಲ ಚೈತ್ರ. ಹೆಣ್ಣು ಮಗು ಆಗಿತ್ತು. ಅಮ್ಮ ಚೆನ್ನಾಗಿದಾಳೆ, ಇನ್ನೆರಡು ದಿನ ಅಲ್ಲೇ ಇರ್ಬೇಕು ಅಷ್ಟೆ."

"ಓಕೆ," ಎಂದೆ.

ನನ್ನ ಬಾಯಿಂದ ಬಂದದ್ದು ಅದೊಂದೇ ಮಾತು. ಅಳು ಬರಲಿಲ್ಲ. ಬರಬೇಕಿತ್ತೆಂದು ಗೊತ್ತಿತ್ತು, ಹಾಗಾಗಿ ಸ್ವಲ್ಪ ಹೊತ್ತು ಕಾದೆ, ಆಮೇಲೆ ಟೀವಿ ನೋಡಲು ಹೋದೆ. ಆ ದಿನ ಮಧ್ಯಾಹ್ನ ಅಪ್ಪ ಮತ್ತು ಅವನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಊರ ಪಶ್ಚಿಮದ ದೊಡ್ಡ ಸ್ಮಶಾನದಲ್ಲಿ ಮಗುವನ್ನು ಮಣ್ಣು ಮಾಡಿ ಬಂದರು. ಅಮ್ಮನಿಗೆ ಜ್ವರ ಬಂದಿತ್ತು, ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಅವಳು ಮಗುವನ್ನು ಆಸ್ಪತ್ರೆಯಲ್ಲಿ ಎತ್ತಿಕೊಂಡಿದ್ದಳು, ಮಣ್ಣಿಗೆ ಇಟ್ಟದ್ದನ್ನು ನೋಡಲಿಲ್ಲ. ನಾನು ಎರಡನ್ನೂ ನೋಡಲಿಲ್ಲ. ಬರ್ತೀಯಾ ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಮಾರ್ಗರೆಟ್ ಆಂಟಿಯ ಮಗ ಹೆಂಡತಿ ಮಕ್ಕಳನ್ನು ಕರೆದುಕೊಂಡು ನೆಲ್ಸನ್‌ನಿಂದ ಕ್ರಿಸ್‌ಮಸ್ ಊಟಕ್ಕೆ ಬರುವವನಿದ್ದ. ಹಬ್ಬದ ಬೆಳಿಗ್ಗೆ, ಅಪ್ಪ ಇನ್ನೂ ಆಸ್ಪತ್ರೆಯಲ್ಲಿರುವಾಗ, ಅವನ ಫೋನ್ ಬಂತು. ಮಕ್ಕಳ ಮೈಮೇಲೆಲ್ಲ ಸೀತಾಳೆ ಗುಳ್ಳೆ ಎದ್ದಿದೆ, ವಿಮಾನ ಹತ್ತುವಂತಿಲ್ಲ. ಎಂಟು ಜನಕ್ಕೆಂದು ತಂದ ಟರ್ಕಿ ಕೋಳಿ ಆಗಲೇ ಓವನ್ನಿನಲ್ಲಿ ಬೇಯುತ್ತಿತ್ತು. ಆಂಟಿ ಫೋನಿಟ್ಟು, ಮೇಜಿನ ಮೇಲೆ ಎರಡು ತಟ್ಟೆ ಉಳಿಸಿ ಮಿಕ್ಕವನ್ನು ಕಪಾಟಿನೊಳಗೆ ಇಟ್ಟರು. ಮಧ್ಯಾಹ್ನ ನಾವಿಬ್ಬರೂ ಅಲ್ಲಿನ ಹಬ್ಬದ ರೂಢಿಯಂತೆ ಬಣ್ಣದ ಕಾಗದದ ಕಿರೀಟ ಇಟ್ಟುಕೊಂಡು ಎದುರು ಬದುರು ಕೂತೆವು. ನಡುವೆ ಟ್ರೇಯಲ್ಲಿ ಟರ್ಕಿ ಇತ್ತು. ನಾನು ಅಷ್ಟು ದೊಡ್ಡ ಹಕ್ಕಿಯನ್ನು ಹಾಗೆ ಇಡಿಯಾಗಿ ನೋಡಿದ್ದು ಅದೇ ಮೊದಲು. ಕೈಕಾಲು ಮುದುರಿಕೊಂಡು ಮಲಗಿದ ಹಾಗಿತ್ತು. ಆಂಟಿ ಎದೆಯ ಭಾಗದಿಂದ ತೆಳ್ಳಗೆ ಎರಡು ಹೋಳು ಕೊಯ್ದು ನನ್ನ ತಟ್ಟೆಗೆ ಹಾಕಿದರು. ನಾನು ಬರೀ ಆಲೂಗಡ್ಡೆ ತಿಂದೆ. ಅವರೂ ಹೆಚ್ಚು ತಿನ್ನಲಿಲ್ಲ.

ಮರುದಿನ ಅಪ್ಪ ಅಮ್ಮನನ್ನು ಕರೆತಂದ. ಅವಳು ಕಾರಿನಿಂದ ಇಳಿದು ಯಾರನ್ನೂ ನೋಡದೆ ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಸ್ವಲ್ಪ ಹೊತ್ತಿಗೆ ಮಾರ್ಗರೆಟ್ ಆಂಟಿ ಹಿಂಬಾಗಿಲಿಗೆ ಬಂದರು. ಎರಡೂ ಕೈಯಲ್ಲಿ, ಫಾಯಿಲ್ ಸುತ್ತಿದ, ಹೆಚ್ಚುಕಡಿಮೆ ಇಡಿಯಾಗಿಯೇ ಉಳಿದಿದ್ದ ಆ ಟರ್ಕಿ. ಅಪ್ಪನಿಗೆ ಇಂಗ್ಲಿಷಿನಲ್ಲಿ ಹೇಳಿದರು.

"ಏನು ಹೇಳಬೇಕು ಅಂತ ಗೊತ್ತಾಗುತ್ತಿಲ್ಲ. ಇದನ್ನು ಇಟ್ಟುಕೊಳ್ಳಿ. ನಾಲ್ಕು ದಿನ ಅಡುಗೆಯ ಯೋಚನೆ ಇರುವುದಿಲ್ಲ."

ಅಪ್ಪ ಥ್ಯಾಂಕ್ಯೂ ಎಂದು ತೆಗೆದುಕೊಂಡ. ಕಾರ್ಖಾನೆಗೆ ಎರಡು ವಾರ ರಜೆ ಇತ್ತು. ಕೈಗೆ ಕೆಲಸವಿಲ್ಲದೆ ಅವನು ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡುತ್ತಿದ್ದ. ಟರ್ಕಿ ಸಿಕ್ಕಿದ್ದೇ ಅದನ್ನು ಮೇಜಿನ ಮೇಲಿಟ್ಟು, ಯಂತ್ರ ಬಿಚ್ಚುವವನ ಹಾಗೆ ಸುತ್ತಲೂ ನೋಡಿ, ಕೀಲು ಕೀಲಾಗಿ ಬಿಡಿಸತೊಡಗಿದ. ಅಮ್ಮ ತೊಳೆದು ಕೂಡಿಟ್ಟಿದ್ದ ಐಸ್‌ಕ್ರೀಮ್ ಡಬ್ಬಿಗಳನ್ನು ನಾನು ತಂದುಕೊಟ್ಟೆ. ಪ್ರತಿ ಡಬ್ಬಿಗೂ ಟೇಪ್ ಅಂಟಿಸಿ, ಅದರ ಮೇಲೆ ಮಾರ್ಕರಿನಲ್ಲಿ ದುಂಡಗೆ ಬರೆದ: ಎದೆ, ತೊಡೆ, ಚೂರು, ಮೂಳೆ. ಎರಡು ದಿನಕ್ಕಾಗುವಷ್ಟು ಫ್ರಿಜ್ಜಿನಲ್ಲಿ ಉಳಿಸಿ, ಮಿಕ್ಕದ್ದನ್ನು ಫ್ರೀಜರಿಗೆ ಜೋಡಿಸಿದ. ಅದೆಲ್ಲ ಆದ ಮೇಲೆ ಅವನಿಗೆ ಏನೋ ಹೊಳೆದ ಹಾಗೆ, ಕೈ ತೊಳೆದುಕೊಂಡು, ಮಂಡ್ಯದ ಹತ್ತಿರದ ಊರಿನಲ್ಲಿದ್ದ ಅಜ್ಜಿಗೆ ಫೋನ್ ಮಾಡಿದ.

"ಅವ್ವ, ಸೂತ್ಕ ಎಷ್ಟು ದಿನ ಹಿಡೀಬೇಕು? ಮನೇಲಿ ಬಾಡೈತೆ, ಅದ್ಕೆ ಕೇಳ್ದೆ."

ದೂರದ ಫೋನೆಂದರೆ ಕೂಗಿಯೇ ಮಾತಾಡಬೇಕೆಂದು ಅಜ್ಜಿ ತಿಳಿದಿದ್ದಳು. ಅವಳ ಮಾತು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು.

"ಅದ್ಕೆಲ್ಲ ಸೂತ್ಕ ಎಲ್ಲೈತೆ ಮಗ. ಉಸ್ರೇ ಆಡ್ದೆ ಹೋದ ಕೂಸು. ಹೆಸ್ರಿಲ್ಲ, ಏನಿಲ್ಲ. ತಲೆ ಮೇಲೆ ನೀರು ಹುಯ್ಕೊಂಡು ಉಣ್ಣಿ. ಅವ್ಳಿಗೆ ಚೆನ್ನಾಗಿ ಉಣ್ಣಾಕಿಕ್ಕು."

ಅಜ್ಜಿ ಕಲ್ಲೆದೆಯವಳೇನಲ್ಲ. ಎಷ್ಟೋ ವರ್ಷದ ಮೇಲೆ ಊರಿಗೆ ಹೋದಾಗ ಅವಳೇ ನನಗೆ ಹೇಳಿದಳು, ಅಪ್ಪನಿಗಿಂತ ಮುಂಚೆ ಅವಳಿಗೆ ಅಂಥವೇ ಎರಡು ಹುಟ್ಟಿದ್ದವಂತೆ. ಎರಡಕ್ಕೂ ಯಾರೂ ದಿನ ಲೆಕ್ಕ ಇಡಲಿಲ್ಲ, ಮೂರನೆಯ ದಿನಕ್ಕೆ ಅವಳು ಎದ್ದು ಕೆಲಸಕ್ಕೆ ಹೋಗಿದ್ದಳು. ತನಗೆ ಹೇಳಿದ್ದನ್ನೇ ಅವಳು ಮಗನಿಗೆ ಹೇಳಿದ್ದಳು. ಆದರೆ ಆ ಸಂಜೆ ಅಮ್ಮನ ಕೋಣೆಯ ಬಾಗಿಲು ತೆರೆದಿತ್ತು. ಫೋನಿಗೂ ಅವಳ ಹಾಸಿಗೆಗೂ ನಡುವೆ ಇದ್ದದ್ದು ನಾಲ್ಕು ಹೆಜ್ಜೆಯ ದಾರಿ.

ಮೊದಲ ದಿನ ಅಪ್ಪ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ, ಟರ್ಕಿಯ ಚೂರು ಹಾಕಿ ಹುರಿಯೋಣ ಎಂದ. ಎಣ್ಣೆ ಕಾದ ಮೇಲೆ ಸಾಸಿವೆ ಎಲ್ಲಿದೆ ಎಂದು ಗೊತ್ತಿಲ್ಲದೆ ಕೋಣೆಯ ಬಾಗಿಲಿಗೆ ಓಡಿದ.

"ಸಾಸಿವೆ ಎಲ್ಲಿಟ್ಟಿದೀಯ?"

"ಮೇಲಿನ ಶೆಲ್ಫು. ಹಳದಿ ಮುಚ್ಚಳದ ಬಾಟ್ಲಿ," ಅಮ್ಮ ಗೋಡೆಯ ಕಡೆಗೇ ಹೇಳಿದಳು.

ಅವರಿಬ್ಬರ ನಡುವೆ ಎರಡು ಮೂರು ದಿನ ನಡೆದ ಮಾತೆಲ್ಲ ಇಷ್ಟೇ. ಅರಿಶಿನ ಎಲ್ಲಿ, ಇಕ್ಕಳ ಎಲ್ಲಿ, ಅಕ್ಕಿಗೆ ಎಷ್ಟು ನೀರು. ಅಮ್ಮ ಎಲ್ಲಕ್ಕೂ ಉತ್ತರ ಕೊಡುತ್ತಿದ್ದಳು. ನಾವು ಊಟಕ್ಕೆ ಕೂತಾಗ ಎದ್ದು ಬಂದು, ಒಂದು ಬಟ್ಟಲಿಗೆ ಅನ್ನ, ಮೊಸರು, ಉಪ್ಪು ಹಾಕಿ ಕಲಸಿಕೊಂಡು, ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ತಿಂದು, ಬಟ್ಟಲು ತೊಳೆದಿಟ್ಟು ಮತ್ತೆ ಹೋಗಿ ಮಲಗುತ್ತಿದ್ದಳು. ಅವಳಿಗೆ ಬಾಯಿ ರುಚಿ ಇಲ್ಲ ಎಂದು ಅಪ್ಪ ಅಂದುಕೊಂಡ. ನಾನೂ ಹಾಗೇ ಅಂದುಕೊಂಡೆ. ಎರಡನೆಯ ದಿನ ಅಪ್ಪ ಟರ್ಕಿಯನ್ನು ಚಪಾತಿಯೊಳಗೆ ಸುತ್ತಿಕೊಟ್ಟ. ಚಪಾತಿ ಅಂಗಡಿಯದು. ಮೂರನೆಯ ದಿನ ಸಾರು ಮಾಡಿಯೇ ತೀರುತ್ತೇನೆ ಎಂದು ಹೊರಟ. ತೆಂಗಿನತುರಿ, ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ ಎಲ್ಲ ರುಬ್ಬಿದೆವು. ಬೆಂದ ಮಾಂಸವನ್ನು ಮೊದಲೇ ಹಾಕಿ ಅರ್ಧ ಗಂಟೆ ಕುದಿಸಿದ್ದರಿಂದ ಅದು ಎಳೆ ಎಳೆಯಾಗಿ ಬಿಟ್ಟುಕೊಂಡಿತು. ಆದರೂ ಮನೆ ತುಂಬ ಹಬ್ಬದ ಮನೆಯ ವಾಸನೆ. ಅಪ್ಪನಿಗೆ ಹುರುಪು ಬಂತು. ಒಡೆಯದೆ ಉಳಿದಿದ್ದ ಒಳ್ಳೆಯ ತುಂಡುಗಳನ್ನೇ ಆರಿಸಿ ಬಟ್ಟಲಿಗೆ ಹಾಕಿ, ಮೇಲೆ ಬಿಸಿ ಸಾರು ಬಿಟ್ಟು, ಮೆಟ್ಟಿಲ ಮೇಲೆ ಕೂತಿದ್ದ ಅಮ್ಮನ ಮುಂದೆ ಹಿಡಿದ.

"ಒಂದು ತುತ್ತು ತಿನ್ನು ಜಯ. ಬಾಣಂತಿ ಹಿಂಗೆ ಬರೀ ಮೊಸ್ರನ್ನ ತಿಂದ್ಕೊಂಡಿದ್ರೆ ಹೆಂಗೆ?"

ಅಮ್ಮ ಕಲಸುತ್ತಿದ್ದ ಕೈ ನಿಲ್ಲಿಸಿದಳು.

"ಬಾಣಂತಿ ಅಂತೀರ. ಸೂತ್ಕ ಇಲ್ಲ ಅಂತೀರ. ಮಗು ಹುಟ್ಟಿದ್ರೆ ತಾನೆ ಬಾಣಂತಿ? ಹುಟ್ಟಿ ಹೋಯ್ತು ಅಂದ್ರೆ ಸೂತ್ಕ ಇರ್ಬೇಕಲ್ಲ. ಎರಡ್ರಲ್ಲಿ ಒಂದು ಹೇಳಿ."

"ಅವ್ವ ಹೇಳಿದ್ದು..."

"ಅತ್ತೆ ಹೇಳಿದ್ದು ಕೇಳಿಸ್ತು. ನಿಮ್ಮನ್ನ ಕೇಳ್ತಿದೀನಿ. ನೀವು ಮಣ್ಣು ಮಾಡಿ ಬಂದ್ರಲ್ಲ, ಅದು ಯಾರನ್ನ?"

ಅವಳು ದನಿ ಏರಿಸಲಿಲ್ಲ. ಬಟ್ಟಲು ಹಿಡಿದ ಅಪ್ಪ ಹಾಗೇ ನಿಂತಿದ್ದ. ಸಾರು ಬಿಸಿಯಿತ್ತು, ಅವನ ಬೆರಳು ಸುಡುತ್ತಿದ್ದಿರಬೇಕು. ಆಕ್ಲೆಂಡಿಗೆ ಅದು ಬೇಸಿಗೆ, ಪಕ್ಕದ ಮನೆಗಳಲ್ಲಿ ಯಾರೋ ಬಾರ್ಬೆಕ್ಯೂ ಹಚ್ಚಿದ್ದರು, ಮಕ್ಕಳು ನೀರಾಟ ಆಡುತ್ತಿದ್ದರು. ಅಮ್ಮನೇ ಮತ್ತೆ ಮಾತಾಡಿದಳು.

"ನಾನು ಹನ್ನೊಂದು ದಿನ ಹಿಡೀತೀನಿ. ನೀವು ತಿನ್ನಿ, ನಂದೇನೂ ಅಡ್ಡಿ ಇಲ್ಲ."

ಅಪ್ಪ ಆ ಬಟ್ಟಲನ್ನು ಒಳಗೆ ತಂದು ನನ್ನ ಮುಂದೆ ಇಟ್ಟ. ನಾನು ತಿಂದೆ. ಉಪ್ಪು ಜಾಸ್ತಿಯಾಗಿತ್ತು.

ಮರುದಿನ ಮೂಳೆಗಳನ್ನು ಕುಕ್ಕರಿನಲ್ಲಿ ಕೂಗಿಸಿ, ಆ ರಸದಲ್ಲಿ ಪಲಾವ್ ಮಾಡಿದೆವು. ಅಪ್ಪ ನನ್ನ ತಟ್ಟೆಗೆ ಬಡಿಸಿದ. ತಾನು ಮಾತ್ರ ಬೇರೆ ಪಾತ್ರೆಯಲ್ಲಿ ಇಟ್ಟಿದ್ದ ಬಿಳಿ ಅನ್ನಕ್ಕೆ ಮೊಸರು ಹಾಕಿಕೊಂಡು, ಹಿಂಬಾಗಿಲಿಗೆ ಹೋಗಿ, ಅಮ್ಮ ಕೂತಿದ್ದ ಮೆಟ್ಟಿಲ ಕೆಳಗಿನ ಮೆಟ್ಟಿಲಿನಲ್ಲಿ ಕೂತ. ಅಮ್ಮ ಅವನ ಕಡೆ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಉಪ್ಪಿನಕಾಯಿಯ ಬಾಟಲಿಯನ್ನು ಅವನ ಪಕ್ಕಕ್ಕೆ ಸರಿಸಿದಳು.

ಅಲ್ಲಿಂದ ಮುಂದೆ ಟರ್ಕಿ ನನ್ನ ಪಾಲಿಗೇ ಬಂತು. ಎಸೆಯೋಣ ಎಂದು ಅಪ್ಪನೂ ಹೇಳಲಿಲ್ಲ, ಬೇಡ ಎಂದು ನಾನೂ ಹೇಳಲಿಲ್ಲ. ಮಾರ್ಗರೆಟ್ ಆಂಟಿ ಎರಡೂ ಕೈಯಲ್ಲಿ ಹೊತ್ತು ತಂದದ್ದು, ಎಸೆದರೆ ಅವರ ಕಸದ ಬುಟ್ಟಿಯ ಪಕ್ಕದಲ್ಲೇ ನಮ್ಮದೂ ಇರುತ್ತಿತ್ತು, ಅವರ ಕಣ್ಣಿಗೆ ಬೀಳುತ್ತಿತ್ತು. ಬೆಳಿಗ್ಗೆ ಒಂದು ಡಬ್ಬಿ ಫ್ರೀಜರಿನಿಂದ ಫ್ರಿಜ್ಜಿಗೆ ಇಳಿಯುತ್ತಿತ್ತು, ಸಂಜೆಗೆ ಅದು ಏನಾದರೂ ಆಗುತ್ತಿತ್ತು. ಚೂರುಗಳನ್ನು ಮೊಟ್ಟೆಯಲ್ಲಿ ಕಲಸಿ ಆಮ್ಲೆಟ್ ಮಾಡಿದೆವು. ಆಲೂಗಡ್ಡೆಯ ಜೊತೆ ಕಿವುಚಿ, ಉಂಡೆ ಕಟ್ಟಿ, ರವೆಯಲ್ಲಿ ಹೊರಳಿಸಿ ಕರಿದೆವು. ನೂಡಲ್ಸಿಗೆ ಹಾಕಿದೆವು. ಒಂದು ದಿನ ಉಪ್ಪಿಟ್ಟಿಗೂ ಹಾಕಿದೆವು, ಅದೊಂದು ಮಾತ್ರ ತಿನ್ನುವಂತಿರಲಿಲ್ಲ. ಬೆಂದ ಮಾಂಸವನ್ನು ಮಸಾಲೆಯೆಲ್ಲ ಕುದ್ದು ಮುಗಿದ ಮೇಲೆ ಕೊನೆಗೆ ಹಾಕಬೇಕು, ಬಿಸಿಯಾದರೆ ಸಾಕು ಎಂದು ನಾನು ಆಗಲೇ ಕಲಿತೆ. ಅದರಲ್ಲಿ ಉಪ್ಪು ಮೊದಲೇ ಇರುತ್ತದೆ, ಕೈ ತಡೆದು ಹಾಕಬೇಕು. ಟರ್ಕಿಯ ಮಾಂಸ ಕೋಳಿ ಮಾಂಸದ ಹಾಗಲ್ಲ, ಎಷ್ಟು ಖಾರ ಹಾಕಿದರೂ ಅದರೊಳಗೆ ಇಳಿಯುವುದಿಲ್ಲ, ನಿಂಬೆರಸ ಹಿಂಡಿ ಹತ್ತು ನಿಮಿಷ ಬಿಟ್ಟರೆ ಸ್ವಲ್ಪ ವಾಸಿ. ಅಪ್ಪ ಪಕ್ಕದಲ್ಲಿ ನಿಂತು ಈರುಳ್ಳಿ ಹೆಚ್ಚಿಕೊಡುತ್ತಿದ್ದ. ಕಣ್ಣಲ್ಲಿ ನೀರು ಬಂದರೆ ತೋಳಿಗೆ ಒರೆಸಿಕೊಳ್ಳುತ್ತಿದ್ದ. ಅದು ಈರುಳ್ಳಿಯಿಂದಲೋ ಅಲ್ಲವೋ ಎಂದು ನಾನು ಯಾವತ್ತೂ ವಿಚಾರಿಸಲಿಲ್ಲ. ಯಾರನ್ನೂ ಏನೂ ಕೇಳದೆ, ಕೈಗೆ ಸಿಕ್ಕ ಕೆಲಸ ಮಾಡಿಕೊಂಡು ಇರುವುದು ನನಗೆ ಆ ಅಡುಗೆಮನೆಯಲ್ಲಿ ರೂಢಿಯಾಯಿತು. ಈಗಲೂ ಮನೆಯಲ್ಲಿ ಏನಾದರೂ ಆದರೆ ನಾನು ಮೊದಲು ಫ್ರಿಜ್ಜಿನ ಬಾಗಿಲು ತೆಗೆದು ಏನುಳಿದಿದೆ ಎಂದು ನೋಡುತ್ತೇನೆ. ನನ್ನ ಗಂಡನಿಗೆ ಇದು ವಿಚಿತ್ರವೆನಿಸುತ್ತದೆ.

ಊಟದ ಹೊತ್ತಿಗೆ ನಾನು ಮೇಜಿನ ಮುಂದೆ ಒಬ್ಬಳೇ ಕೂರುತ್ತಿದ್ದೆ. ಅವರಿಬ್ಬರೂ ಹಿಂಬಾಗಿಲ ಮೆಟ್ಟಿಲಲ್ಲಿ ನನ್ನ ಕಡೆ ಬೆನ್ನು ಮಾಡಿ ಕೂತಿರುತ್ತಿದ್ದರು. ಮಾತೇನೂ ಇರುತ್ತಿರಲಿಲ್ಲ, ಆದರೆ ಇಬ್ಬರೂ ಒಂದೇ ಊಟ ಮಾಡುತ್ತಿದ್ದರು. ಆ ಮನೆಯಲ್ಲಿ ಸೂತಕವಿಲ್ಲದವಳು ನಾನೊಬ್ಬಳೇ. ಹೊಸವರ್ಷ ಬಂತು. ಅಮ್ಮನ ಸೂತಕದ ಒಂಬತ್ತನೆಯ ದಿನ ನೂಡಲ್ಸಿನ ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟು, ಖಾಲಿ ಬಟ್ಟಲು ತೆಗೆದುಕೊಂಡು ಮೆಟ್ಟಿಲಿಗೆ ಹೋದೆ.

"ನಂಗೂ ಮೊಸ್ರನ್ನ," ಎಂದೆ.

"ಅಲ್ಲಿ ಮಾಡಿಟ್ಟಿದೀವಲ್ಲ, ಅದನ್ನ ತಿನ್ನು ಹೋಗು. ನೀನು ಚಿಕ್ಕೋಳು, ನಿಂಗೆ ಇದೆಲ್ಲ ಬೇಡ," ಎಂದ ಅಪ್ಪ.

"ಐ ಡೋಂಟ್ ವಾಂಟ್ ಇಟ್. ನಂಗೆ ಇದೇ ಬೇಕು."

ಅಮ್ಮ ತಿರುಗಿ ನನ್ನನ್ನು ನೋಡಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನನ್ನ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು.

"ಹೌದು. ನಿಂಗೂ ತಂಗಿ ಅಲ್ವಾ," ಎಂದಳು. ಪಕ್ಕಕ್ಕೆ ಸರಿದು ಜಾಗ ಮಾಡಿ, ತನ್ನ ಬಟ್ಟಲಿನದನ್ನೇ ಅರ್ಧ ನನ್ನ ಬಟ್ಟಲಿಗೆ ಹಾಕಿದಳು.

ನಾನು ತಂಗಿಗಾಗಿ ಬಂದಿರಲಿಲ್ಲ. ಒಬ್ಬಳೇ ಕೂತು ತಿಂದು ಸಾಕಾಗಿತ್ತು, ಅಷ್ಟೇ. ಅದನ್ನು ನಾನು ಅಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ. ಹತ್ತು ವರ್ಷದ ಹುಡುಗಿಗೆ ಎಂಥ ತಿಳಿವಳಿಕೆ ಎಂದು ಅವಳು ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ. ಆದರೆ ಆ ದಿನ ಅವಳು ನಿಂಗೂ ತಂಗಿ ಎಂದ ಮೇಲೆ, ಅವಳ ಭುಜಕ್ಕೆ ಭುಜ ತಾಗಿಸಿ ಕೂತು ಆ ತಣ್ಣನೆಯ ಅನ್ನ ತಿನ್ನುವಾಗ, ನನಗೊಬ್ಬ ತಂಗಿ ಇದ್ದಳು ಎಂಬುದು ಮೊದಲ ಸಲ ಮನಸ್ಸಿಗೆ ಬಂತು. ಆಗಲೂ ಅಳು ಬರಲಿಲ್ಲ. ಬಟ್ಟಲಿನಲ್ಲಿದ್ದ ಕೊನೆಯ ಅಗುಳನ್ನೂ ತಿಂದೆ.

ಹನ್ನೊಂದನೆಯ ದಿನ ಅಮ್ಮ ಬೆಳಿಗ್ಗೆ ಬೇಗ ಎದ್ದು ತಲೆಗೆ ನೀರು ಹಾಕಿಕೊಂಡು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಲೌಂಜಿಗೆ ಬಂದು ನಿಂತಳು. ಹಾಲು ತುಪ್ಪ ಬಿಡಬೇಕು, ಕರೆದುಕೊಂಡು ಹೋಗಿ ಎಂದಳು. ಅಪ್ಪ ಕಾರು ತೆಗೆದ. ದಾರಿಯಲ್ಲಿ ಮೂಲೆಯ ಡೈರಿ ಅಂಗಡಿಯ ಮುಂದೆ ನಿಲ್ಲಿಸಿ ಹಾಲು ಕೊಂಡ. ತುಪ್ಪವನ್ನು ಅಮ್ಮ ಮನೆಯಿಂದಲೇ ಸಣ್ಣ ಲೋಟದಲ್ಲಿ ತಂದಿದ್ದಳು. ಸ್ಮಶಾನ ಒಂದು ಪಾರ್ಕಿನ ಹಾಗೆ ಗುಡ್ಡದಿಂದ ಗುಡ್ಡಕ್ಕೆ ಹರಡಿತ್ತು. ಚಿಕ್ಕ ಮಕ್ಕಳ ಜಾಗದಲ್ಲಿ ಹುಲ್ಲಿನ ನಡುವೆ ಗೊಂಬೆಗಳು, ಗಾಳಿಗೆ ತಿರುಗುವ ಬಣ್ಣದ ಚಕ್ರಗಳು ನಿಂತಿದ್ದವು. ಅಪ್ಪನಿಗೆ ಜಾಗ ಸಿಗಲಿಲ್ಲ. ಅವನು ಬಂದ ದಿನ ನಮ್ಮ ಮಗುವಿನದೇ ಕೊನೆಯ ಗುಂಡಿಯಾಗಿತ್ತು, ಈಗ ಆಚೆಗೆ ಇನ್ನೂ ಎರಡು ಇದ್ದವು. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಗಿ ಬಗ್ಗಿ ಬಗ್ಗಿ ಗೂಟದ ಮೇಲಿನ ನಂಬರು ಓದುತ್ತಿದ್ದ. ಅಮ್ಮ ಹಾಲಿನ ಬಾಟಲಿ ಹಿಡಿದು ಬಿಸಿಲಲ್ಲಿ ಕಾದಳು. ಕೊನೆಗೆ ಅವನು ಕೈ ಎತ್ತಿ ಕರೆದ.

"ಇಲ್ಲೇನಾ?" ಎಂದಳು.

"ಇಲ್ಲೇ."

"ತಲೆ ಯಾವ ಕಡೆ?"

ಅಪ್ಪ ತೋರಿಸಿದ. ಅವಳು ಆ ಕಡೆಯಿಂದ ಶುರುಮಾಡಿ ಹಾಲು ಬಿಟ್ಟಳು, ಮೇಲೆ ತುಪ್ಪ ಬಿಟ್ಟಳು. ಅಪ್ಪನ ಕೈಲೂ ಬಿಡಿಸಿದಳು, ನನ್ನ ಕೈಲೂ ಬಿಡಿಸಿದಳು. ಮಣ್ಣು ಒಣಗಿತ್ತು, ಹಾಲು ಕೂಡಲೇ ಇಂಗಿತು. ಅಪ್ಪ ಅಲ್ಲಿ ಒಂದೇ ಮಾತು ಹೇಳಿದ.

"ಅವತ್ತೇ ಹೇಳ್ಬೇಕಿತ್ತು ಜಯ. ನನ್ ಮಗಳನ್ನ ಮಣ್ಣು ಮಾಡಿ ಬಂದೆ ಅಂತ."

ಅಮ್ಮ ಹೂಂ ಎಂದಳು.

ಮನೆಗೆ ಬಂದಾಗ ಮಾರ್ಗರೆಟ್ ಆಂಟಿ ತಮ್ಮ ಮನೆಯ ಮುಂದೆ ಗಿಡಕ್ಕೆ ನೀರು ಹಾಕುತ್ತಿದ್ದರು. ಅಮ್ಮನನ್ನು ಹೊರಗೆ ಕಂಡು ಪೈಪು ಕೆಳಗಿಟ್ಟು ಹತ್ತಿರ ಬಂದರು. ಅವಳ ಕೈ ಹಿಡಿದುಕೊಂಡು, ಹೇಗಿದ್ದೀಯ ಎಂದು ಕೇಳದೆ, ನಮ್ಮಲ್ಲಿ ಯಾರೂ ಕೇಳದಿದ್ದುದನ್ನು ಕೇಳಿದರು.

"ಅವಳ ಹೆಸರೇನು?"

"ಪವಿತ್ರ," ಎಂದಳು ಅಮ್ಮ, ತಡವರಿಸದೆ.

ಮಾರ್ಗರೆಟ್ ಆಂಟಿ ಅದನ್ನು ಎರಡು ಸಲ ಹೇಳಿ ನೋಡಿದರು. ಎರಡು ಸಲವೂ ತಪ್ಪಾಯಿತು, ಅಮ್ಮ ಎರಡು ಸಲವೂ ತಿದ್ದಿದಳು. ಅಪ್ಪ ಬಾಗಿಲಿಗೆ ಬೀಗದ ಕೈ ಹಾಕಿದವನು ತಿರುಗಿಸದೆ ನಿಂತಿದ್ದ. ಅವನಿಗೂ ಗೊತ್ತಿರಲಿಲ್ಲ. ಅವಳು ಅದನ್ನು ಯಾವಾಗ ಇಟ್ಟಳೋ, ಆಸ್ಪತ್ರೆಯಲ್ಲೋ, ಗೋಡೆ ನೋಡುತ್ತ ಮಲಗಿದ್ದಾಗಲೋ.

ಆ ದಿನ ಅಡುಗೆ ಅಮ್ಮನದು. ಫ್ರೀಜರಿನಲ್ಲಿ 'ತೊಡೆ' ಎಂದು ಬರೆದ ಒಂದೇ ಡಬ್ಬಿ ಉಳಿದಿತ್ತು. ಅದನ್ನು ಸಾರು ಮಾಡಿ, ರಾಗಿ ಹಿಟ್ಟು ತೆಗೆದು ಮುದ್ದೆ ಕಟ್ಟಿದಳು. ಮೂವರೂ ಮೇಜಿಗೆ ಕೂತೆವು. ಅಮ್ಮ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು.

"ಇದೇನಿದು, ನಾರು ನಾರು. ಇದನ್ನ ಇಷ್ಟು ದಿನ ತಿಂದ್ರಾ?"

"ನಾನಲ್ಲ, ಇವ್ಳು," ಎಂದ ಅಪ್ಪ.

ಅಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಅವಳ ಕೈಯ ಸಾರು ಚೆನ್ನಾಗಿತ್ತು. ಟರ್ಕಿ ಮಾತ್ರ ಹಾಗೇ ಇತ್ತು. ಎಲ್ಲವನ್ನೂ ತಿಂದು ಮುಗಿಸಿದೆವು. ಮರುವಾರ ಅಪ್ಪ ಕೆಲಸಕ್ಕೆ ಹೋದ. ಅಮ್ಮ ಬೆಳಗಿನ ಹೊತ್ತು ಏಳತೊಡಗಿದಳು, ಕೆಲವು ದಿನ ಮಾತ್ರ ಏಳುತ್ತಿರಲಿಲ್ಲ. ಆ ದಿನಗಳಲ್ಲಿ ನಾನೇ ಅನ್ನಕ್ಕೆ ಇಡುತ್ತಿದ್ದೆ.

ಫೆಬ್ರವರಿಯಲ್ಲಿ ಶಾಲೆ ತೆರೆಯಿತು. ಹೊಸ ಟೀಚರು ನಮ್ಮನ್ನೆಲ್ಲ ಚಾಪೆಯ ಮೇಲೆ ಕೂರಿಸಿ, ರಜೆಯಲ್ಲಿ ಏನು ಮಾಡಿದಿರಿ ಎಂದು ಒಬ್ಬೊಬ್ಬರನ್ನಾಗಿ ಕೇಳಿದರು. ಕೆಲವರು ಬೀಚಿಗೆ ಹೋಗಿದ್ದರು, ಒಬ್ಬ ಮೀನು ಹಿಡಿದಿದ್ದ. ನನ್ನ ಸರದಿ ಬಂದಾಗ, ನಾವು ಟರ್ಕಿ ತಿಂದೆವು, ರಜೆಯೆಲ್ಲ ಅದನ್ನೇ ತಿಂದೆವು ಎಂದೆ. ಎಲ್ಲರೂ ನಕ್ಕರು. ಟೀಚರೂ ನಕ್ಕು, ಅಷ್ಟು ದಿನ ಮುಗಿಯಲೇ ಇಲ್ಲವೇ, ನಿಮ್ಮ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು.

"ನಾಲ್ಕು," ಎಂದೆ.

ಟೀಚರು ತಲೆಯಾಡಿಸಿ, ನನ್ನ ಪಕ್ಕದ ಹುಡುಗಿಯ ಕಡೆ ತಿರುಗಿದರು.